ಎರಡು ರಿಂಗಿನ ಫಿಲ್ಟರು

ಕಾರಿನ ಆಯಿಲ್ ಬದಲಿಸಿದ ಮೇಲೆ ಫಿಲ್ಟರು ಯಾಕೆ ಸಡಿಲಾಗುತ್ತದೆ ಎಂದು ಯಾರಾದರೂ ಕೇಳಿದರೆ ಸಾಕು, ಈ ವಯಸ್ಸಿನಲ್ಲೂ ನಾನು ಕುರ್ಚಿಯಿಂದ ಎದ್ದು ನಿಲ್ಲುತ್ತೇನೆ. ಒಳಗಿನಿಂದ ನನ್ನ ಹೆಂಡತಿ, “ಶುರು ಆತು ನೋಡ್ರಿ ಫಿಲ್ಟರ್ ಪುರಾಣ! ಬಂದವ್ರು ಚಾ ಆದ್ರೂ ಕುಡೀಲಿ, ಬಿಡ್ರಿ” ಎನ್ನುತ್ತಾಳೆ. ನಾನು ಬಿಡುವುದಿಲ್ಲ. ಬೈಕುಲ್ಲಾದ ಓಣಿಯಲ್ಲಿ ಒಂದು ಸಣ್ಣ ವರ್ಕ್‌ಶಾಪು, ಆಮೇಲೆ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಗ್ಯಾರೇಜು, ಹೀಗೆ ದುಡಿಮೆಯ ಕಾಲವನ್ನೆಲ್ಲ ಕಾರುಗಳ ಹೊಟ್ಟೆಯ ಕೆಳಗೆ ಮಲಗಿ ಕಳೆದವನು ನಾನು. ಎಂಜಿನ್ ಇಳಿಸಿದ್ದೇನೆ, ಗೇರ್‌ಬಾಕ್ಸ್ ಬಿಚ್ಚಿ ಕಟ್ಟಿದ್ದೇನೆ, ಅವೆಲ್ಲ ಅರ್ಧ ಮರೆತುಹೋಗಿವೆ. ಮರೆಯದೆ ಉಳಿದದ್ದು ಅಂಗೈಯಗಲದ ಒಂದು ತಗಡಿನ ಡಬ್ಬಿ ಮತ್ತು ಅದರ ಬಾಯಿಯಲ್ಲಿ ಕೂರುವ ಕರಿ ರಬ್ಬರ್ ರಿಂಗು. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಇದನ್ನು ಅರ್ಧ ತಾಸಿನಲ್ಲಿ ಕಲಿಸಿ ಮುಗಿಸುತ್ತಾರಂತೆ. ನಾನು ಅದನ್ನು ಕಲಿತು ಮುಗಿಸುವಷ್ಟರಲ್ಲಿ ತಲೆಗೂದಲು ನೆರೆತಿತ್ತು.

ಗೊತ್ತಿಲ್ಲದವರಿಗೆ ಮೊದಲು ಹೇಳಿಬಿಡುತ್ತೇನೆ. ಎಂಜಿನ್ನಿನೊಳಗೆ ಆಯಿಲ್ ಸುಮ್ಮನೆ ನಿಂತಿರುವುದಿಲ್ಲ. ಪಂಪು ಅದನ್ನು ಒತ್ತಡದಲ್ಲಿ ಮೂಲೆ ಮೂಲೆಗೂ ಓಡಿಸುತ್ತದೆ. ಓಡುವ ದಾರಿಯಲ್ಲಿ ಕಸ ಸೋಸುವುದು ಈ ಫಿಲ್ಟರಿನ ಕೆಲಸ. ಇದನ್ನು ಎಂಜಿನ್ನಿಗೆ ತಿರುಪಿ ಕೂರಿಸುತ್ತಾರೆ, ಎರಡರ ನಡುವೆ ಆ ರಿಂಗು. ಬೇರೆ ನಟ್ಟಿಲ್ಲ, ಬೋಲ್ಟಿಲ್ಲ, ರಿಂಗಿನ ಹಿಡಿತದ ಮೇಲೆಯೇ ಎಲ್ಲ ನಿಂತಿದೆ. ಅದು ಹಿಡಿತ ಬಿಟ್ಟರೆ ಆಯಿಲ್ಲೆಲ್ಲ ರಸ್ತೆ ಪಾಲು, ಎಂಜಿನ್ನು ಒಣಗಿ ಕಚ್ಚಿಕೊಂಡು ನಿಂತುಬಿಡುತ್ತದೆ. ಎಲ್ಲಿ ನಿಲ್ಲುತ್ತದೆ ಎನ್ನುವುದು ಒಳಗೆ ಕೂತವರ ಹಣೆಬರಹ.

ಬಾದಾಮಿ ಸೀಮೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಅಪ್ಪನ ಹಿಂದೆ ಮುಂಬೈ ಸೇರಿದ ನನಗೆ ಕೆಲಸ ಕಲಿಸಿದವರು ಬೈಕುಲ್ಲಾದ ರಹೀಮ್ ಉಸ್ತಾದ್. ಆಳು ಕಡ್ಡಿ, ಗಂಟಲು ಮಾತ್ರ ಲಾರಿಯ ಹಾರ್ನು. ಹೊಸ ಫಿಲ್ಟರಿನ ರಿಂಗಿಗೆ ಬೆರಳಿನಿಂದ ಆಯಿಲ್ ಸವರು, ಎಂಜಿನ್ನಿಗೆ ಮುಟ್ಟುವವರೆಗೆ ತಿರುಗಿಸು, ಮುಟ್ಟಿದ ಮೇಲೆ ಮುಕ್ಕಾಲು ಸುತ್ತು, ಅಷ್ಟೇ. “ಪಾನಾ ನಹೀ, ಹಾಥ್ ಸೇ!” ಎಂದು ಕೂಗುತ್ತಿದ್ದರು. ಪಾನಾ ಎಂದರೆ ಸ್ಪ್ಯಾನರು, ಅದನ್ನು ಹಿಡಿಯಬೇಡ, ಕೈಯಿಂದಲೇ ಬಿಗಿ ಎಂದರ್ಥ. ನನಗೆ ಆಗ ಮೈತುಂಬ ಸೊಕ್ಕು. ಜೋಳದ ರೊಟ್ಟಿ ತಿಂದ ತೋಳು, ಇನ್ನಷ್ಟು ಬಿಗಿದರೆ ಇನ್ನಷ್ಟು ಗಟ್ಟಿ ಎಂದುಕೊಂಡು ಒಂದು ಟ್ಯಾಕ್ಸಿಗೆ ಚೈನು ಪಾನಾ ಹಾಕಿ ಜಗ್ಗಿದೆ. ಸಂಜೆಯೊಳಗೆ ಟ್ಯಾಕ್ಸಿ ವಾಪಸ್ಸು, ಹಿಂದೆ ಓಣಿಯುದ್ದಕ್ಕೂ ಕರಿಗೆರೆ! ಬಿಗಿದದ್ದಕ್ಕೇ ಸೋರಿತ್ತು. ರಿಂಗು ಹಿಸುಕಿಹೋಗಿ ಒಂದು ಕಡೆ ಹೊರಗೆ ಬಂದಿತ್ತು. ಅತಿಯಾದರೆ ಅಮೃತವೂ ವಿಷ ಎಂದು ಅವ್ವ ಹೇಳುತ್ತಿದ್ದದ್ದು ನನಗೆ ಅರ್ಥವಾದದ್ದು ಆ ಓಣಿಯಲ್ಲಿ, ಉಸ್ತಾದರ ಬೈಗುಳದ ಮಳೆಯಲ್ಲಿ.

ಇನ್ನೊಂದು ಸಲ ಆಯಿಲ್ ಸವರದೆ ಒಣ ರಿಂಗನ್ನೇ ಕೂರಿಸಿದೆ. ಒಣ ರಬ್ಬರು ಲೋಹಕ್ಕೆ ಉಜ್ಜಿ, ಮುದುರಿ, ಕೈಗೆ ಬಿಗಿಯಾದ ಹಾಗೆ ಸುಳ್ಳು ಹೇಳುತ್ತದೆ. ಎರಡು ದಿನ ಕಾದು ತಣಿದು, ಎಂಜಿನ್ನಿನ ನಡುಕಕ್ಕೆ ಸಿಕ್ಕಿದ ಮೇಲೆ ನಿಜ ಹೇಳುತ್ತದೆ. ಕೆಲವೊಮ್ಮೆ ಇನ್ನೂ ಕೆಟ್ಟದ್ದು ಮಾಡುತ್ತದೆ: ಎಂಜಿನ್ನಿಗೇ ಅಂಟಿಕೊಂಡು ಕೂತುಬಿಡುತ್ತದೆ. ಇದನ್ನು ನೆನಪಿಡಿ, ಮುಂದೆ ಹೇಳುವ ಕಥೆಯೆಲ್ಲ ಇದರಿಂದಲೇ ಹುಟ್ಟಿದ್ದು.

ಆದರೆ ಅದಕ್ಕೆ ಮೊದಲು ಇನ್ನೊಂದು ಟ್ಯಾಕ್ಸಿಯ ಸಂಗತಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅದಕ್ಕೆ ಮೂರು ಸಲ ಹೊಸ ಫಿಲ್ಟರು ಹಾಕಿದೆ. ಆಯಿಲ್ ಸವರಿದೆ, ಮುಕ್ಕಾಲು ಸುತ್ತು ಲೆಕ್ಕ ಹಾಕಿ ತಿರುಗಿಸಿದೆ. ಮೂರು ಸಲವೂ ವಾರದೊಳಗೆ ಸಡಿಲು! ಡ್ರೈವರು ನನ್ನ ಏಳು ತಲೆಮಾರನ್ನು ಜಾಲಾಡಿದ. ನಾಲ್ಕನೇ ಸಲ ಉಸ್ತಾದರು ಫಿಲ್ಟರು ಬಿಚ್ಚಿ, ಅದು ತಿರುಪಿಕೊಳ್ಳುವ ಎಂಜಿನ್ನಿನ ಗಿಡ್ಡ ಕೊಳವೆಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. ಅದೇ ಗಡಗಡ ಅಲ್ಲಾಡುತ್ತಿತ್ತು! ಫಿಲ್ಟರಿನ ತಪ್ಪಲ್ಲ, ನನ್ನ ತಪ್ಪಲ್ಲ, ಬುಡವೇ ಸಡಿಲು! ನಾನು ಉಸ್ತಾದರನ್ನು ಎತ್ತಿ ಓಣಿಯಲ್ಲೇ ಒಂದು ಸುತ್ತು ತಿರುಗಿಸಿದೆ. “ಛೋಡ್, ಪಾಗಲ್!” ಎಂದು ಬೈಯುತ್ತಲೇ ಅವರೂ ನಕ್ಕರು. ಕಾಯಿಲೆಯ ಮೂಲ ಸಿಕ್ಕಾಗ ಆಗುವ ಆ ಖುಷಿ ಇದೆಯಲ್ಲ, ಅದಕ್ಕಾಗಿಯೇ ನಾನು ಈ ಕೆಲಸದಲ್ಲಿ ಉಳಿದೆ.

ಉಸ್ತಾದರು ತೀರಿಕೊಂಡ ಮೇಲೆ ಕಾಂದಿವಲಿಗೆ ಬಂದೆ. ಅಲ್ಲಿ ಫೋರ್‌ಮನ್ ವಾಸು ಪೂಜಾರಿ, ಉಡುಪಿ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ಎಲ್ಲರಿಗೂ ವಾಸಣ್ಣ. ಮಾತು ಮೆತ್ತಗೆ, ಕಣ್ಣು ಮಾತ್ರ ಹದ್ದಿನದು. ಗ್ಯಾರೇಜಿನ ಕೆಲಸವೆಲ್ಲ ನಮ್ಮಿಬ್ಬರದೇ. ಅಷ್ಟು ಹೊತ್ತಿಗೆ ನನಗೆ ಒಳ್ಳೆಯ ಹೆಸರು ಬಂದಿತ್ತು. ಹೆಸರು ಬಂದವನೇ ಜಾರುವುದು, ಇದನ್ನೂ ನೆನಪಿಡಿ.

ನಮ್ಮ ಗ್ಯಾರೇಜಿನಲ್ಲಿ ಒಂದು ರೂಢಿಯಿತ್ತು. ಹಳೆಯ ಫಿಲ್ಟರು ಬಿಚ್ಚಿದ ತಕ್ಷಣ ಅದರ ಬಾಯಿ ನೋಡಬೇಕು. ರಿಂಗು ಅಲ್ಲೇ ಇದ್ದರೆ ಸರಿ. ಇಲ್ಲದಿದ್ದರೆ ಅದು ಎಂಜಿನ್ನಿಗೆ ಅಂಟಿದೆ ಎಂದರ್ಥ, ಹುಡುಕಿ ಕೀಳಬೇಕು. ಕೀಳದೆ ಅದರ ಮೇಲೆ ಹೊಸದನ್ನು ತಿರುಪಿದರೆ ರಿಂಗಿನ ಮೇಲೆ ರಿಂಗು. ಜಾರುವ ಎರಡು ರಬ್ಬರುಗಳ ಮೇಲೆ ಫಿಲ್ಟರು ನಿಲ್ಲುವುದಾದರೂ ಹೇಗೆ? ಗ್ಯಾರೇಜಿನಲ್ಲಿ ಸ್ಟಾರ್ಟ್ ಮಾಡಿ ನೋಡಿದರೆ ಒಂದು ಹನಿಯೂ ಸೋರುವುದಿಲ್ಲ. ರಸ್ತೆಗಿಳಿದು, ಕಾದು, ಒತ್ತಡ ಏರಿದ ಮೇಲೆ ಮೆಲ್ಲಗೆ ಸಡಿಲಾಗಿ, ಒಮ್ಮೆಲೇ ಕೈಕೊಡುತ್ತದೆ.

ಈ ಒಳ್ಳೆಯ ರೂಢಿಯನ್ನು ಕೆಡಿಸಿದವನು ನಾನೇ. ನಾವು ವಾಸವಿದ್ದ ಚಾಳಿನಲ್ಲಿ ಗಣಪತಿಗೆ ಹತ್ತು ದಿನ ಆಟಗಳಿರುತ್ತಿದ್ದವು. ಸಾಲಾಗಿ ನಿಲ್ಲಿಸಿದ ಬಾಟಲಿಗಳ ಕುತ್ತಿಗೆಗೆ ದೂರದಿಂದ ರಿಂಗು ಎಸೆಯುವ ಆಟದ ಉಸ್ತುವಾರಿ ನನ್ನದು. ಅಂಗಡಿಯ ಪ್ಲಾಸ್ಟಿಕ್ ರಿಂಗು ಗಾಳಿಗೆ ಹಾರುತ್ತಿತ್ತು. ಫಿಲ್ಟರಿನ ಹಳೆಯ ರಿಂಗು ನೋಡಿ, ಏನು ತೂಕ, ಏನು ಹದ! ಸೋಪಿನ ನೀರಲ್ಲಿ ತೊಳೆದರೆ ಹೊಸದರ ಹಾಗೆ. ಕಾರಿನಡಿ ಇಳಿದು ಕೆಲಸ ಮಾಡುವ ಪಿಟ್ಟಿನ ಪಕ್ಕದ ಮೊಳೆಗೆ ಒಂದು ಡಬ್ಬ ನೇತುಹಾಕಿ ವಾಸಣ್ಣನಿಗೆ, “ಅಣ್ಣಾರ, ಹಳೇ ಫಿಲ್ಟರ್ ಕಂಡಲ್ಲಿ ರಿಂಗು ಕಿತ್ತು ಇದರಾಗ ಒಗದುಬಿಡ್ರಿ” ಎಂದು ಹೇಳಿಟ್ಟಿದ್ದೆ. ಅಲ್ಲಿಗೆ ಬಾಯಿ ನೋಡುವ ರೂಢಿಯೇ ಸತ್ತಿತು. ರಿಂಗಿಲ್ಲದ ಫಿಲ್ಟರು ಕಂಡರೆ ಡಬ್ಬಕ್ಕೆ ಹೋಗಿರಬೇಕು ಎಂದುಕೊಳ್ಳುತ್ತಿದ್ದೆವು. ಇದರ ಅಪಾಯ ನನ್ನ ಬುದ್ಧಿಗೆ ಹೊಳೆಯಲೇ ಇಲ್ಲ.

ಚೌತಿಯ ಮುಂಚಿನ ವಾರ ಗ್ಯಾರೇಜೆಂದರೆ ಸಂತೆ. ಕೊಂಕಣದವರು, ಮಂಗಳೂರಿನವರು, ಎಲ್ಲರಿಗೂ ಒಂದೇ ದಿನ ಊರಿಗೆ ಹೋಗಬೇಕು. ಅಂಥ ಒಂದು ಬೆಳಿಗ್ಗೆ ಶೇಖರಣ್ಣ ಬಂದರು. ವಿಲೆ ಪಾರ್ಲೆಯಲ್ಲಿ ಪುಟ್ಟ ಉಡುಪಿ ಹೋಟೆಲು ನಡೆಸುವವರು, ವಾಸಣ್ಣನ ಊರಿನ ಕಡೆಯವರೇ. ನಮ್ಮಲ್ಲಿಗೆ ಅದೇ ಮೊದಲ ಸಲ ಗಾಡಿ ತಂದಿದ್ದರು.

“ಅಮ್ಮನಿಗೆ ಎದೆಯ ಆಪರೇಶನ್ ಆದ ಮೇಲೆ ಮೊದಲ ಸಲ ಊರಿಗೆ ಕರ್ಕೊಂಡು ಹೋಗುದು. ಡಾಕ್ಟ್ರು ಬೇಡ ಬೇಡ ಅಂತ ಹೇಳಿ ಕೊನೆಗೆ ಒಪ್ಪಿದ್ದಾರೆ. ಘಟ್ಟದಲ್ಲಿ ಮಾತ್ರ ಎಲ್ಲಿಯೂ ನಿಲ್ಲಬಾರದು ನೋಡಿ” ಎಂದರು.

“ನನ್ನ ಕೈ ಬಿದ್ದ ಗಾಡಿ ಎಲ್ಲಿ ನಿಲ್ತೈತ್ರಿ? ಚಿಂತಿ ಬಿಡ್ರಿ” ಎಂದೆ ನಾನು. ಹೌದು, ಹಾಗೇ ಹೇಳಿದೆ.

ಫಿಲ್ಟರು ಬಿಚ್ಚಿ ಟ್ರೇಯಲ್ಲಿಟ್ಟು ಹೊಸದನ್ನು ತರಲು ಸ್ಟೋರಿಗೆ ಹೋದೆ. ಬಂದು ನೋಡಿದರೆ ಹಳೆಯದರ ಬಾಯಿ ಖಾಲಿ. ವಾಸಣ್ಣ ಕಿತ್ತಿರಬೇಕು, ಪಾಪ, ಹೇಳಿದ್ದನ್ನು ಮರೆಯುವುದಿಲ್ಲ ಎಂದುಕೊಂಡೆ. ಎಂಜಿನ್ನಿನ ಮುಖವನ್ನು ಬೆರಳಾಡಿಸಿ ನೋಡಲಿಲ್ಲ. ಕರಿ ಎಣ್ಣೆಯ ಮೇಲೆ ಕರಿ ರಿಂಗು, ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ಗೊತ್ತಾಗುತ್ತದೆ. ಹೊಸದನ್ನು ಕೂರಿಸಿ, ಮುಕ್ಕಾಲು ಸುತ್ತು ತಿರುಗಿಸಿ, ಸ್ಟಾರ್ಟ್ ಮಾಡಿ ನೋಡಿದೆ. ಸೋರಲಿಲ್ಲ. ಶೇಖರಣ್ಣ ಕೈಮುಗಿದು ಹೋದರು.

ಮಧ್ಯಾಹ್ನ ಡಬ್ಬಿ ಬಿಚ್ಚಿ ಊಟಕ್ಕೆ ಕೂತಾಗ ಸುಮ್ಮನೆ ಹೇಳಿದೆ, “ವಾಸಣ್ಣ, ಶೇಖರಣ್ಣನ ಗಾಡೀ ರಿಂಗು ಕಿತ್ತು ಹಾಕಿದ್ದು ಛಲೋ ಆತು ನೋಡ್ರಿ. ಇನ್ನ ನಾಕು ಸಿಕ್ರ ಆಟಕ್ಕ ಸಾಕು.”

ವಾಸಣ್ಣ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು. “ಎಂತ ರಿಂಗು? ನಾನು ಬೆಳಿಗ್ಗೆಯಿಂದ ಆ ಬಿಳಿ ಗಾಡಿಯ ಕ್ಲಚ್ಚಿನ ಅಡಿಯಲ್ಲಿ ಬಿದ್ದಿದ್ದೇನೆ ಮಾರಾಯ. ನಿನ್ನ ಪಿಟ್ಟಿನ ಹತ್ತಿರ ಬರಲೇ ಇಲ್ಲ.”

ಓಡಿ ಹೋಗಿ ಡಬ್ಬ ಸುರುವಿದೆ. ಹಿಂದಿನ ದಿನದವನ್ನೆಲ್ಲ ಮನೆಗೆ ಒಯ್ದಿದ್ದೆ, ಅದರಲ್ಲಿದ್ದದ್ದು ಅವತ್ತಿನವು ಮಾತ್ರ. ಮಾಡಿದ ಕಾರು ಆರು, ಡಬ್ಬದಲ್ಲಿ ನಾನೇ ಕಿತ್ತು ಹಾಕಿದ ರಿಂಗು ಐದು. ಮತ್ತೆ ಎಣಿಸಿದೆ. ಐದೇ! ಆರನೆಯದು ಶೇಖರಣ್ಣನ ಎಂಜಿನ್ನಿಗೆ ಅಂಟಿಕೊಂಡು, ಆ ಅಮ್ಮನ ಜೊತೆ ಘಟ್ಟಕ್ಕೆ ಹೊರಟಿತ್ತು.

ಜಾಬ್ ಕಾರ್ಡಿನಲ್ಲಿದ್ದ ಮೊಬೈಲ್ ನಂಬರಿಗೆ ಹಚ್ಚಿದೆ. ಎತ್ತಿದವನು ಹೋಟೆಲಿನ ಕ್ಯಾಶಿಯರು. “ಧಣಿಗಳು ಹೊರಟರು. ಊರಿಗೆ ಹೋಗುವಾಗ ಮೊಬೈಲ್ ಇಲ್ಲೇ ಗಲ್ಲಾದಲ್ಲಿ ಇಟ್ಟು ಹೋಗುದು ಅವರು. ಇದಕ್ಕೆ ಆರ್ಡರ್ ಬರ್ತದಲ್ಲ.”

“ಮನ್ಯಾಗ ಬ್ಯಾರೆಯವ್ರ ನಂಬರ್ ಅದರಾಗ ಐತೇನು ನೋಡ್ರಿ!”

“ಇದಕ್ಕೆ ಲಾಕ್ ಉಂಟು. ನನಗೆ ಬಂದ ಕಾಲ್ ಎತ್ತಲಿಕ್ಕೆ ಮಾತ್ರ ಬರುದು” ಎಂದ ಪುಣ್ಯಾತ್ಮ. ಆದರೆ ಅವನೇ ನಮ್ಮನ್ನು ಬದುಕಿಸಿದ. ಶೇಖರಣ್ಣ ಚೆಂಬೂರಿನಲ್ಲಿ ತಂಗಿಯನ್ನು ಹತ್ತಿಸಿಕೊಂಡು ಮುಂದೆ ಹೋಗುತ್ತಾರೆ ಎಂದು ಹೇಳಿ, ತಂಗಿಯ ಬಿಲ್ಡಿಂಗಿನ ಗುರುತು ಕೊಟ್ಟ.

ಹೊಸ ಫಿಲ್ಟರು ಜೇಬಿಗೆ, ಆಯಿಲ್ ಕ್ಯಾನು ವಾಸಣ್ಣನ ಮಡಿಲಿಗೆ, ನನ್ನ ಬೈಕು ಹೈವೇಗೆ! ಹೇಗೆ ಓಡಿಸಿದೆನೋ ದೇವರಿಗೇ ಗೊತ್ತು. ಹಿಂದಿನಿಂದ ವಾಸಣ್ಣ, “ಮೆಲ್ಲ ಮಾರಾಯ, ಮೊದಲು ನಾವು ಬದುಕಿ ಉಳಿಯಬೇಕು!” ಎಂದು ಕೂಗುತ್ತಿದ್ದರು. ಒಂದು ಸಿಗ್ನಲ್ಲಿನಲ್ಲಿ ನಿಂತಾಗ ಕಿವಿಯ ಹತ್ತಿರ ಬಗ್ಗಿ ಹೇಳಿದರು, “ಸಿಕ್ಕಿದರೆ ಒಂದು ಮಾತು. ಫಿಲ್ಟರೇ ಖರಾಬ್ ಪೀಸ್ ಬಂದಿತ್ತು ಅಂತ ಹೇಳು. ಗ್ಯಾರೇಜಿನ ಹೆಸರು ಉಳಿಯಬೇಕಲ್ಲ.” ನಾನು ಹೂಂ ಎಂದೆ. ಸುಳ್ಳು ಯಾಕೆ ಹೇಳಲಿ, ಆ ಮಾತು ಕೇಳಿ ನನಗೆ ಸ್ವಲ್ಪ ಹಗುರವೇ ಆಯಿತು.

ಚೆಂಬೂರಿನ ಬಿಲ್ಡಿಂಗಿನಲ್ಲಿ ಕಾರಿಲ್ಲ. ವಾಚ್‌ಮನ್ ಈಗಷ್ಟೇ ಹೋದರು ಎಂದ. ಕಾರು ನಿಂತಿದ್ದ ಜಾಗದಲ್ಲಿ ರೊಟ್ಟಿಯಗಲದ ಕರಿ ಮಚ್ಚೆ, ಅಲ್ಲಿಂದ ಗೇಟಿನವರೆಗೆ ಹನಿ ಹನಿ ಸಾಲು! ನನ್ನ ತಪ್ಪು ನನ್ನ ಕಣ್ಣೆದುರೇ ನೆಲದ ಮೇಲೆ ಬಿದ್ದಿತ್ತು. ಹನಿಗಳ ನಡುವಿನ ಅಂತರ ನೋಡಿ ವಾಸಣ್ಣ, “ಈಗ ಸೋರುದು ಅಷ್ಟೇ. ಸ್ಪೀಡ್ ಬಂದರೆ ಎಲ್ಲ ಹೋಗ್ತದೆ. ನಡಿ!” ಎಂದರು. ಈಗ ಮೆಲ್ಲ ಎನ್ನುವ ಮಾತೇ ಇಲ್ಲ.

ಮುಂಬೈಯ ಟ್ರಾಫಿಕ್ಕಿಗೆ ನಾನು ಜೀವಮಾನದಲ್ಲಿ ಒಂದೇ ಸಲ ಕೈಮುಗಿದಿದ್ದೇನೆ. ಅದು ಅವತ್ತು. ಊರಿಗೆ ಹೊರಟವರ ಕಾರುಗಳೆಲ್ಲ ವಾಶಿ ಸೇತುವೆಯ ಟೋಲಿನ ಮುಂದೆ ಇರುವೆ ಸಾಲಿನ ಹಾಗೆ ನಿಂತಿದ್ದವು. ಟೋಲು ಆಗ ಇತ್ತು. ಬೈಕನ್ನು ವಾಸಣ್ಣನ ಕೈಗೆ ಕೊಟ್ಟು ನಾನು ಸಾಲುಗಳ ನಡುವೆ ಓಡಿದೆ. ಎಣ್ಣೆಬಟ್ಟೆಯ ಮನುಷ್ಯ ಹಾಗೆ ಬಗ್ಗಿ ಬಗ್ಗಿ ಕಾರುಗಳ ಹೊಟ್ಟೆ ನೋಡುತ್ತ ಓಡುವುದನ್ನು ಕಂಡು ಜನ ಕಿಟಕಿ ಏರಿಸಿಕೊಂಡರು. ಮೂರನೇ ಸಾಲಿನಲ್ಲಿ ಸಿಕ್ಕಿತು! ಟೋಲಿಗೆ ಇನ್ನು ಎರಡೇ ಕಾರು.

“ಶೇಖರಣ್ಣಾ! ಬಂದ್ ಮಾಡ್ರಿ! ಎಂಜಿನ್ ಬಂದ್ ಮಾಡ್ರಿ!” ಬಾನೆಟ್ಟಿನ ಮೇಲೆ ಎರಡೂ ಕೈ ಬಡಿದು ಕೂಗಿದೆ. ಅವರು ಬೆಚ್ಚಿಬಿದ್ದು ಕೀ ತಿರುಗಿಸಿದರು.

“ಎಂತ ಆಯ್ತು? ಒಂದು ಕೆಂಪು ದೀಪ ಆಗಿನಿಂದ ಬಂದು ಬಂದು ಹೋಗ್ತಿತ್ತು. ಬಾಗಿಲು ಸರಿ ಮುಚ್ಚಲಿಲ್ಲ ಅಂತ ಗ್ರೇಶಿದೆ” ಎಂದರು. ಅದು ಆಯಿಲ್ಲಿನ ದೀಪ. ಎಂಜಿನ್ನು ಸಾಯುವ ಮೊದಲು ಹಾಗೆ ಕಣ್ಣು ಮಿಟುಕಿಸಿ ಕರೆಯುತ್ತದೆ.

ಎಲ್ಲರೂ ಸೇರಿ ಕಾರನ್ನು ಬದಿಗೆ ತಳ್ಳಿದೆವು. ಶೇಖರಣ್ಣನ ಹೆಂಡತಿ ಮತ್ತು ತಂಗಿ ಅಮ್ಮನನ್ನು ಇಳಿಸಿ ನೆರಳಿಗೆ ಕೂರಿಸಿದರು. ನಾನು ಕಾದ ರಸ್ತೆಯ ಮೇಲೆ ಬೆನ್ನು ಹಾಕಿ ಒಳಗೆ ಜಾರಿದೆ. ಮುಟ್ಟಿದರೆ ಫಿಲ್ಟರು ಮಗುವಿನ ಗಿಲಕಿಯ ಹಾಗೆ ಅಲ್ಲಾಡಿತು. ಬಟ್ಟೆ ಸುತ್ತಿ ತಿರುಗಿಸಿದೆ, ಸುಡುವ ಆಯಿಲ್ ಮೊಣಕೈಯವರೆಗೆ ಇಳಿಯಿತು. ಹೊರಗೆ ಬಂದಾಗ ನನ್ನ ಅಂಗೈಯಲ್ಲಿ ಎರಡು ರಿಂಗು, ಒಂದರ ಮೇಲೊಂದು.

ವಾಸಣ್ಣ ನನ್ನ ಮುಖ ನೋಡಿದರು. ಖರಾಬ್ ಪೀಸ್ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಅಮ್ಮ ಸೆರಗನ್ನು ಎದೆಗೆ ಒತ್ತಿಕೊಂಡು ಕೇಳಿದರು, “ಮಗಾ, ಇಷ್ಟು ಬಿಸಿಲಲ್ಲಿ ಓಡಿಕೊಂಡು ಬಂದದ್ದು ಯಾಕೆ ನೀನು?”

ನನಗೆ ಸುಳ್ಳು ಬಾಯಿಗೆ ಬರಲಿಲ್ಲ. “ತಪ್ಪು ನಂದ್ರೀ ಅಮ್ಮ. ಹಳೇ ರಿಂಗು ಎಂಜಿನ್ನಿಗೇ ಅಂಟಿತ್ತು. ನಾ ಬೆರಳಾಡ್ಸಿ ನೋಡ್ಲಿಲ್ಲ, ಅದರ ಮ್ಯಾಲೇ ಹೊಸಾದು ಕೂಡ್ಸಿದೆ. ಘಟ್ಟದಾಗ ನಿಂತಿದ್ರ ನಾ ಏನ್ ಮುಖ ತೋರಸ್ತಿದ್ನಿ?” ಎಂದೆ.

ಶೇಖರಣ್ಣ ಕೆಂಪಾದರು. “ಎಂತ ಮಾತಾಡಿದ್ದಿರಿ ಬೆಳಿಗ್ಗೆ! ಘಟ್ಟದಲ್ಲಿ ಈ ಜೀವವನ್ನು ಎಲ್ಲಿ ಕೂರಿಸುದಿತ್ತು ನಾನು?” ವಾಸಣ್ಣ ಮುಂದೆ ಬಂದು, “ಫೋರ್‌ಮನ್ ನಾನು, ಶೇಖರ. ಬೈಯುವುದಾದರೆ ನನಗೂ ಸ್ವಲ್ಪ ಬೈ” ಎಂದರು. ಖರಾಬ್ ಪೀಸಿನ ಮಾತನ್ನು ಅವರೂ ಎತ್ತಲಿಲ್ಲ.

ಮತ್ತೆ ಕೆಳಗೆ ಹೋದೆ. ಎಂಜಿನ್ನಿನ ಮುಖವನ್ನು ಒರೆಸಿ ಬೆರಳಾಡಿಸಿದೆ, ಒಂದು ಸಲವಲ್ಲ, ಐದು ಸಲ. ರಿಂಗಿಗೆ ಆಯಿಲ್ ಸವರಿದೆ. ಮುಟ್ಟಿದ ಮೇಲೆ ಮುಕ್ಕಾಲು ಸುತ್ತು. ಆಯಿಲ್ ತುಂಬಿ ಸ್ಟಾರ್ಟ್ ಮಾಡಿಸಿದರೆ ಕೆಂಪು ದೀಪ ಬಂದು ಆರಿತು, ಆರಿಯೇ ಇತ್ತು! ಹತ್ತು ನಿಮಿಷ ಎಂಜಿನ್ನನ್ನು ರೇಸ್ ಮಾಡಿಸಿ ಕೆಳಗೇ ಮಲಗಿ ನೋಡಿದೆ. ಎಂಜಿನ್ನಿಗೆ ಏನೂ ಆಗಿಲ್ಲ ಎಂದು ವಾಸಣ್ಣ ಕಿವಿಗೊಟ್ಟು ಕೇಳಿ ಹೇಳಿದರು.

ಹೊರಡುವಾಗ ಅಮ್ಮ ಬುತ್ತಿಯಿಂದ ಎರಡು ಬನ್ಸ್ ತೆಗೆದು ಕೊಟ್ಟರು. “ತಿನ್ನು ಮಗಾ, ಮುಖ ಬಾಡಿದೆ.”

“ನೀವು ಊರು ಮುಟ್ಟಿದ ಸುದ್ದಿ ಬರೂತನಕ ಗಂಟಲದಾಗ ಇಳ್ಯಂಗಿಲ್ರಿ ಅಮ್ಮ” ಎಂದೆ. ಅವರು ಒತ್ತಾಯ ಮಾಡಲಿಲ್ಲ. ಬನ್ಸನ್ನು ವಾಸಣ್ಣ ತಿಂದರು.

ಮರುದಿನ ಗ್ಯಾರೇಜಿಗೆ ಬಂದವನೇ ಆ ಡಬ್ಬವನ್ನು ಮೊಳೆಯಿಂದ ಕಿತ್ತೆಸೆದೆ. ಕಾರು ಗೇಟು ದಾಟುವವರೆಗೆ ಹಳೆಯ ಫಿಲ್ಟರಿನ ರಿಂಗನ್ನು ಯಾರೂ ಮುಟ್ಟಬಾರದು, ಗಿರಾಕಿಗೆ ಆ ಬಾಯಿ ತೋರಿಸಿಯೇ ಕಳಿಸಬೇಕು ಎಂದು ಗೋಡೆಗೆ ಬರೆದೆ. ಈಗಿನ ಹುಡುಗರಿಗೆ ಬೇಕಾದಷ್ಟು ಬಿಗಿಯಾದೊಡನೆ ಕಟ್ ಎನ್ನುವ ಪಾನಾಗಳಿವೆ, ಬಿಗಿದ ಗುರುತಿಗೆ ಬಣ್ಣದ ಗೆರೆ ಎಳೆಯುತ್ತಾರೆ, ಕೆಲವು ಕಾರುಗಳಲ್ಲಿ ತಗಡಿನ ಡಬ್ಬಿಯೇ ಇಲ್ಲ, ಒಳಗೆ ಬರೀ ಕಾಗದದ ಫಿಲ್ಟರು. ಬಹಳ ಒಳ್ಳೆಯದು, ನನಗೆ ಹೊಟ್ಟೆಕಿಚ್ಚು. ಆದರೆ ಆ ಪಾನಾ ಎರಡು ರಿಂಗಿನ ಮೇಲೂ ಕಟ್ ಎನ್ನುತ್ತದೆ. ಅದಕ್ಕೆ ಬೆರಳಿಲ್ಲ.

ಡಬ್ಬ ಕಿತ್ತೆಸೆದ ಆ ದಿನವೂ ಹಸಿವೆಂಬುದು ಹತ್ತಿರ ಸುಳಿಯಲಿಲ್ಲ. ಹೆಂಡತಿ ಕಟ್ಟಿದ ಡಬ್ಬಿ ಹಿಂದಿನ ದಿನದಂತೆ ತಿನ್ನದೇ ಉಳಿಯಿತು. ಬರೀ ಚಹಾ, ಚಹಾ. ಅದರ ಮರುದಿನ ಮಧ್ಯಾಹ್ನ ವಾಸಣ್ಣ ಊಟಕ್ಕೆ ಕೂತಿದ್ದಾಗ ಗ್ಯಾರೇಜಿನ ಫೋನು ರಿಂಗಣಿಸಿತು. ನಾನೇ ಹಾರಿ ಎತ್ತಿದೆ. ಶೇಖರಣ್ಣ.

“ನಿನ್ನೆ ಮಧ್ಯಾಹ್ನವೇ ಮುಟ್ಟಿದೆವು. ಫೋನ್ ಮಾಡುವ ಅಂತ ಹೇಳಿದರೆ ಅಮ್ಮ ಬಿಡಲಿಲ್ಲ. ತಾನು ಮೈ ಒರೆಸುವ ಬಿಳಿ ಬೈರಾಸನ್ನು ಕಾರಿನ ಅಡಿಯಲ್ಲಿ ಹಾಸಿ, ನಾಳೆ ನೋಡಿ ಆಮೇಲೆ ಫೋನ್ ಮಾಡುದು ಅಂತ ಹಟ. ಇಗೊಳ್ಳಿ, ಮಾತಾಡಿ.”

ಆಮೇಲೆ ಅಮ್ಮನ ಸಣ್ಣ ದನಿ.

“ಮಗಾ, ಬೈರಾಸು ಬೆಳ್ಳಗೆ ಉಂಟು. ನಾನೇ ಬಗ್ಗಿ ತೆಗೆದು ನೋಡಿದೆ, ಒಂದು ಹನಿ ಇಲ್ಲ. ಇನ್ನು ನೀನು ಊಟ ಮಾಡು.”

ಫೋನು ಇಟ್ಟವನು ಅತ್ತೆನೋ ನಕ್ಕೆನೋ ಗೊತ್ತಿಲ್ಲ. ಕೈ ತೊಳೆಯುವುದನ್ನೂ ಮರೆತು ವಾಸಣ್ಣನ ಡಬ್ಬಿಗೇ ಕೈ ಹಾಕಿದೆ. ಅವರು ಡಬ್ಬಿಯನ್ನು ನನ್ನ ಕಡೆ ಸರಿಸಿದರು.